ಅಕ್ಕ ಹೇಳಿದ ಕತೆ

ಗಲ್ಫಿನಲ್ಲಿ ದುಡಿಯುವವನ ವಾರ್ಷಿಕ ರಜೆ ಅವನ ಸ್ವಂತದ್ದಲ್ಲ ಎಂಬುದು ಈ ಸಂಚಿಕೆ ಓದುವ ಎಲ್ಲರಿಗೂ ಗೊತ್ತು. ಮೂವತ್ತು ದಿನ ಕೈಗೆ ಸಿಗುವ ಮೊದಲೇ ಹಂಚಿ ಹೋಗಿರುತ್ತದೆ. ಎರಡು ದಿನ ಬ್ಯಾಂಕಿಗೆ, ಮೂರು ದಿನ ತಾಲೂಕು ಕಚೇರಿಗೆ, ಒಂದು ಚಿಕ್ಕಪ್ಪನ ಮಗಳ ಮದುವೆಗೆ, ಒಂದು ಗೃಹಪ್ರವೇಶಕ್ಕೆ, ಅಮ್ಮನ ಕಣ್ಣಿನ ಡಾಕ್ಟರಿಗೆ, ಮನೆಯ ಮಾಡು ರಿಪೇರಿಗೆ. ಉಳಿದದ್ದರಲ್ಲಿ ಜ್ವರ ಬಂದರೆ ಅದೇ ವಿಶ್ರಾಂತಿ. ಹಾಗಿರುವಾಗ 2016ರ ಮಾರ್ಚಿನಲ್ಲಿ, ಈ ಮೂವತ್ತರಲ್ಲಿ ಹನ್ನೆರಡು ದಿನ ಕಿತ್ತುಕೊಂಡು ಅಮೆರಿಕಕ್ಕೆ ಹೋಗುತ್ತೇನೆ, ಅದೂ ಟೀವಿ ಅಭಿಮಾನಿಗಳ ಸಮ್ಮೇಳನಕ್ಕೆ ಎಂದಾಗ ನಮ್ಮ ಆಸ್ಪತ್ರೆಯ ಫಾರ್ಮಸಿಯಲ್ಲಿ ಪಕ್ಕದ ಕೌಂಟರಿನ ಕಾಸರಗೋಡಿನ ಗೆಳೆಯ ಮದ್ದಿನ ಡಬ್ಬ ಕೆಳಗಿಟ್ಟು ಕೇಳಿದ: "ನಿಂಗೆ ತಲೆ ಸರಿ ಉಂಟಾ ಮಾರಾಯ?"

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ನಲವತ್ತು ದಾಟಿದವನು, ಡಿ.ಫಾರ್ಮಾ ಮಾಡಿ ಹದಿನೆಂಟು ವರ್ಷದಿಂದ ಶಾರ್ಜಾದಲ್ಲಿ ಚೀಟಿ ನೋಡಿ ಮಾತ್ರೆ ಎಣಿಸುವವನು, ಒಂದೂವರೆ ತಿಂಗಳ ಸಂಬಳವನ್ನು ವಿಮಾನಕ್ಕೆ ಸುರಿದು ಟೀವಿಯ ಹುಚ್ಚಿಗೆ ಹೋಗುವುದೆಂದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ನನ್ನ ಹೆಂಡತಿ ಮಾತ್ರ ಬೇರೆ ಮಾತು ಹೇಳಿದಳು. "ಮೂವರ ಟಿಕೆಟಿಗೆ ನಮ್ಮಲ್ಲಿ ದುಡ್ಡಿಲ್ಲ, ಮಗನಿಗೆ ಪರೀಕ್ಷೆ. ನೀವೊಬ್ಬರೇ ಹೋಗಿ ಬನ್ನಿ. ಅತ್ತಿಗೆ ಕರೆದದ್ದು ಟೀವಿ ನೋಡಲಿಕ್ಕೆ ಅಲ್ಲ."

ಕರೆದದ್ದು ನನ್ನ ಅಕ್ಕ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಎವರ್‌ಗ್ರೀನ್ ಎಂಬ ಭಾಗದಲ್ಲಿ ಅವಳ ಮನೆ. "ನಮ್ಮ ಊರಲ್ಲೇ ದೊಡ್ಡ ಸಮ್ಮೇಳನ ಮಾಡ್ತಾರಂತೆ. ಟೀವಿ, ಸಿನಿಮಾ, ಕಾಮಿಕ್ಸ್ ಹುಚ್ಚಿನವರೆಲ್ಲ ಬರ್ತಾರಂತೆ. ಸ್ಟಾರ್ ಟ್ರೆಕ್‌ಗೆ ಈ ವರ್ಷ ಐವತ್ತು ತುಂಬ್ತದೆ. ಮಗಳು ಟಿಕೆಟ್ ತೆಗೀತಾಳಂತೆ. ಬರ್ತೀಯಾ?" ಎಂದು ಫೋನಿನಲ್ಲಿ ಕೇಳಿದ್ದಳು. ಹಬ್ಬಕ್ಕೊಂದು ಶುಭಾಶಯ, ಹುಟ್ಟಿದ ದಿನಕ್ಕೊಂದು ಮೆಸೇಜು ಬಿಟ್ಟರೆ ನಮ್ಮಿಬ್ಬರ ನಡುವೆ ಏಳು ವರ್ಷದಿಂದ ಹೆಚ್ಚು ಮಾತಿರಲಿಲ್ಲ. ಅದಕ್ಕೇ ಆ ಪ್ರಶ್ನೆ ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತು.

ಊರಿಗೆ ಫೋನು ಮಾಡಿ ಅಮ್ಮನಿಗೆ ಹೇಳಿದೆ. ರಜೆ ಕಡಿಮೆಯಾಗುತ್ತದೆಂದು ಬೇಸರಿಸುತ್ತಾಳೆ ಎಂದುಕೊಂಡಿದ್ದೆ. "ಹೋಗಿ ಬಾ. ಅವಳ ಮನೆ ನಾನಂತೂ ನೋಡುವ ಹಾಗಿಲ್ಲ, ಈ ಮೊಣಕಾಲಿನಲ್ಲಿ. ಅಡುಗೆಕೋಣೆ ಹೇಗುಂಟು, ತುಳಸಿ ಎಲ್ಲಿಟ್ಟಿದ್ದಾಳೆ, ಎಲ್ಲ ನೋಡಿಕೊಂಡು ಬಂದು ನನಗೆ ಹೇಳು" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಅಡಿಕೆ ಕಂಬದ ಆಂಟೆನಾ

ಬಂಟ್ವಾಳದ ಹತ್ತಿರ ನಮ್ಮ ಮನೆ. 1980ರ ದಶಕದ ನಡುವಿನಲ್ಲಿ ನಮ್ಮ ಕಡೆ ಟೀವಿ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಪೇಟೆಯಲ್ಲಿ ಜವುಳಿ ಅಂಗಡಿ ಇಟ್ಟಿದ್ದ ಧಣಿಗಳ ಮನೆಯಲ್ಲಿ ಒಂದು ಡಯನೋರ ಕಪ್ಪು ಬಿಳುಪು ಟೀವಿ ಬಂತು. ಉದ್ದದ ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿದ್ದರು. ಗಾಳಿ ಬಂದರೆ ಚಿತ್ರ ಹೋಗುತ್ತಿತ್ತು. ಒಬ್ಬ ಹುಡುಗ ಹೊರಗೆ ನಿಂತು ಕಂಬ ತಿರುಗಿಸುವುದು, ಒಳಗಿನಿಂದ "ಬಂತು, ಬಂತು, ಹೋಯ್ತು" ಎಂದು ಕೂಗುವುದು ಆಟದ ಒಂದು ಭಾಗ.

ಆಗ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಸ್ಟಾರ್ ಟ್ರೆಕ್ ಬರುತ್ತಿತ್ತು. ಇಂಗ್ಲಿಷ್ ಧಾರಾವಾಹಿ. ಎಂಟರ್‌ಪ್ರೈಸ್ ಎಂಬ ಹಡಗು ನಕ್ಷತ್ರಗಳ ನಡುವೆ ಊರೂರು ಸುತ್ತುತ್ತದೆ. ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ ಸ್ಪಾಕ್, ಸದಾ ಸಿಡುಕುವ ಡಾಕ್ಟರ್ ಮೆಕಾಯ್. ನಾನು ಕನ್ನಡ ಮೀಡಿಯಂ. ಒಂದು ವಾಕ್ಯವೂ ತಲೆಗೆ ಹೋಗುತ್ತಿರಲಿಲ್ಲ. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ನೆಲದ ಮೇಲೆ ಪಕ್ಕದಲ್ಲಿ ಕೂತು ಕಿವಿಯಲ್ಲಿ ಕತೆ ಹೇಳುತ್ತಿದ್ದಳು. ಸ್ಪಾಕ್ ನಗುವುದಿಲ್ಲ ಯಾಕೆಂದರೆ ಅವನು ವ್ರತದಲ್ಲಿದ್ದಾನೆ; ನಕ್ಕರೆ ಅವನ ಶಕ್ತಿ ಇಳಿದುಹೋಗುತ್ತದೆ. ಕ್ಯಾಪ್ಟನ್ ಮತ್ತು ಅವನು ಹಿಂದಿನ ಜನ್ಮದಲ್ಲಿ ಅಣ್ಣತಮ್ಮ. ಮನೆಗೆ ಬಂದ ಮೇಲೆ ಅದೇ ಕತೆಯನ್ನು ಅಮ್ಮನಿಗೆ ಇನ್ನೊಮ್ಮೆ ಹೇಳುವುದು. ಅಮ್ಮ ದೋಸೆ ಹೊಯ್ಯುತ್ತಾ "ಪಾಪ, ಅವ ಯಾವಾಗ ನಗ್ತಾನೋ" ಎನ್ನುತ್ತಿದ್ದಳು.

ನನ್ನ ಕಣ್ಣು ಮಾತ್ರ ಡಾಕ್ಟರನ ಮೇಲೆ. ಅವನ ಕೈಯಲ್ಲೊಂದು ಸಣ್ಣ ಉಪಕರಣ. ರೋಗಿಯ ತೋಳಿಗೆ ಅದನ್ನು ಒತ್ತಿದರೆ 'ಸ್ಸ್' ಎಂಬ ಸದ್ದು, ಮದ್ದು ಒಳಗೆ. ಸೂಜಿ ಇಲ್ಲ! ಸರಕಾರಿ ಆಸ್ಪತ್ರೆಯಲ್ಲಿ ಕುದಿಸಿದ ದಪ್ಪ ಸೂಜಿಯಿಂದ ಚುಚ್ಚಿಸಿಕೊಂಡು ಅತ್ತಿದ್ದ ನನಗೆ ಅದಕ್ಕಿಂತ ದೊಡ್ಡ ಪವಾಡ ಇರಲಿಲ್ಲ. ಮುಂದೆ ನಾನು ಮದ್ದಿನ ಓದಿಗೆ ಹೋದದ್ದಕ್ಕೆ ಅದೇ ಕಾರಣ ಎಂದರೆ ಸುಳ್ಳಾದೀತು. ಪಿಯುಸಿಯಲ್ಲಿ ಬಂದ ಅಂಕಕ್ಕೆ ಸಿಕ್ಕಿದ್ದು ಅದು. ಆದರೆ ಆ 'ಸ್ಸ್' ಸದ್ದು ಇಂದಿಗೂ ಕಿವಿಯಲ್ಲಿದೆ.

ಮತ್ತೆ ಬದುಕು ನಮ್ಮನ್ನು ಬೇರೆ ಬೇರೆ ಕಡೆ ಒಯ್ದಿತು. ಅಕ್ಕ ಮದುವೆಯಾಗಿ ಅಮೆರಿಕಕ್ಕೆ, ನಾನು ಗಲ್ಫಿಗೆ, ತಮ್ಮ ಊರಿನಲ್ಲಿ ಅಮ್ಮನ ಜೊತೆ. 2009ರಲ್ಲಿ ಅಪ್ಪ ಹೋದರು. ನಾನು ಮೂರನೆಯ ದಿನ ತಲುಪಿದೆ. ಬೆಂಕಿ ಕೊಟ್ಟದ್ದು ತಮ್ಮ. ಅಕ್ಕ ಬರಲೇ ಇಲ್ಲ. "ರಜೆ ಸಿಗಲಿಲ್ಲ" ಎಂದಳು. ಮರುವರ್ಷ ಬಂದು ಹೋದಳು. ನಾನು ಏನೂ ಕೇಳಲಿಲ್ಲ. ಆದರೆ ಆ "ರಜೆ ಸಿಗಲಿಲ್ಲ" ಎಂಬ ಎರಡು ಶಬ್ದ ನನ್ನೊಳಗೆ ಕೂತುಬಿಟ್ಟಿತು.

ಎವರ್‌ಗ್ರೀನ್

ವೀಸಾಕ್ಕೆ ದುಬೈಯ ಅಮೆರಿಕ ಕಾನ್ಸುಲೇಟಿಗೆ ಹೋಗಬೇಕು. ಡಿಎಸ್-160 ಎಂಬ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿ, 160 ಡಾಲರ್ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹೋದೆ. ಸಂಬಳದ ಪತ್ರ, ರಜೆ ಮಂಜೂರಾದ ಪತ್ರ, ಹೆಂಡತಿ ಮಗ ಇಲ್ಲೇ ಇರುತ್ತಾರೆಂಬ ದಾಖಲೆ ಎಲ್ಲ ಫೈಲಿನಲ್ಲಿತ್ತು. ಕಿಟಕಿಯ ಆಚೆಗಿದ್ದ ಅಧಿಕಾರಿ ಕೇಳಿದ್ದು ಎರಡೇ ಪ್ರಶ್ನೆ: ಯಾಕೆ ಹೋಗುತ್ತೀರಿ, ಯಾವಾಗ ಬರುತ್ತೀರಿ. "ಅಕ್ಕನ ಮನೆಗೆ, ಮತ್ತೆ ಸ್ಟಾರ್ ಟ್ರೆಕ್ ನೋಡಿದವರ ಜೊತೆ ಸೇರಲಿಕ್ಕೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆತ ಮೊದಲ ಬಾರಿ ತಲೆ ಎತ್ತಿ ನೋಡಿ, ಯಾವ ಪಾತ್ರ ಇಷ್ಟ ಎಂದ. ಡಾಕ್ಟರ್ ಎಂದೆ. ಪಾಸ್‌ಪೋರ್ಟ್ ಇಟ್ಟುಕೊಂಡ.

ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನದಲ್ಲಿ ಸುಮಾರು ಹದಿನಾರು ಗಂಟೆ. ಅಲ್ಲಿಂದ 101 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಒಂದು ಗಂಟೆಯ ದಾರಿ. ಭಾವ ಕಾರು ಓಡಿಸುತ್ತಾ ಗೂಗಲ್ ಎಲ್ಲಿ, ಇಂಟೆಲ್ ಎಲ್ಲಿ ಎಂದು ತೋರಿಸಿದರು. ನನ್ನ ಕಣ್ಣಿಗೆ ಬಿದ್ದದ್ದು ಗುಡ್ಡ. ಎವರ್‌ಗ್ರೀನ್ ಎಂದರೆ ಸ್ಯಾನ್ ಹೋಸೆಯ ಆಗ್ನೇಯಕ್ಕೆ, ಗುಡ್ಡಗಳ ಬುಡದಲ್ಲಿರುವ ಬಡಾವಣೆ. ಮಾರ್ಚಿನಲ್ಲಿ ಆ ಗುಡ್ಡಗಳು ಹಚ್ಚ ಹಸಿರು. "ಜೂನ್‌ನಲ್ಲಿ ಬಂದರೆ ಪೂರ್ತಿ ಒಣ ಹುಲ್ಲು, ಹೆಸರು ಮಾತ್ರ ಎವರ್‌ಗ್ರೀನ್" ಎಂದು ಭಾವ ನಕ್ಕರು. ಒಂದು ಕಾಲಕ್ಕೆ ಈ ಕಣಿವೆಯೆಲ್ಲ ಹಣ್ಣಿನ ತೋಟ, ಏಪ್ರಿಕಾಟ್, ಪ್ಲಮ್. ಈಗ ಮನೆಗಳು. ವಿಯೆಟ್ನಾಮಿನವರು, ಫಿಲಿಪೀನ್ಸಿನವರು, ಮೆಕ್ಸಿಕೋದವರು, ನಮ್ಮವರು. ಗುಡ್ಡದ ಏರಿನಲ್ಲಿ ದೊಡ್ಡ ಗುರುದ್ವಾರ. ಉತ್ತರ ಅಮೆರಿಕದ ಅತಿ ದೊಡ್ಡ ಗುರುದ್ವಾರಗಳಲ್ಲಿ ಅದೂ ಒಂದು. ಪೂರ್ವದ ಬೆಟ್ಟಸಾಲಿನ ತುದಿಯಲ್ಲಿ ಬಿಳಿಯ ಗುಮ್ಮಟಗಳು. ಅದು ಮೌಂಟ್ ಹ್ಯಾಮಿಲ್ಟನ್ ಮೇಲಿನ ಲಿಕ್ ವೀಕ್ಷಣಾಲಯ. 1888ರಲ್ಲಿ ಅಲ್ಲಿ ಕೆಲಸ ಶುರುವಾದಾಗ ಅದರ 36 ಇಂಚಿನ ದೂರದರ್ಶಕ ಮಸೂರದ ದೂರದರ್ಶಕಗಳಲ್ಲಿ ಜಗತ್ತಿನಲ್ಲೇ ದೊಡ್ಡದಾಗಿತ್ತು. ನಕ್ಷತ್ರಗಳ ಕತೆ ಕೇಳಲು ಬಂದವನಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೇ?

ಅಮ್ಮ ಹೇಳಿದಂತೆ ಅಡುಗೆಕೋಣೆ ನೋಡಿದೆ. ತುಳಸಿ ಕಿಟಕಿಯ ಒಳಗೆ ಕುಂಡದಲ್ಲಿ. ಚಳಿಗೆ ಹೊರಗಿಟ್ಟರೆ ಸಾಯುತ್ತದಂತೆ. ಬೆಳಗ್ಗೆ ಏಳು ಗಂಟೆಗೆ ಅಕ್ಕ ಕಾಫಿ ಮಾಡುತ್ತಾ ಊರಿಗೆ ಫೋನು ಹಚ್ಚಿದಳು. ಆಗ ಊರಲ್ಲಿ ಸಂಜೆ ಏಳೂವರೆ. "ಧಾರಾವಾಹಿ ಶುರುವಾಗುವ ಹೊತ್ತು, ಮತ್ತೆ ಮಾಡು" ಎಂದು ಅಮ್ಮ ಇಟ್ಟುಬಿಟ್ಟಳು. ಶಾರ್ಜಾದಲ್ಲಿ ಸಂಜೆ ಆರಕ್ಕೆ ನನಗೂ ಇದೇ ಉತ್ತರ ಎಷ್ಟೋ ಸಲ ಸಿಕ್ಕಿದೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಏಳು ವರ್ಷದಲ್ಲಿ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಅಭಿಮಾನಿಗಳ ಹಟ

ಅಕ್ಕನ ಮಗಳಿಗೆ ಹದಿನಾಲ್ಕು. ಹುಟ್ಟಿ ಬೆಳೆದದ್ದು ಅಲ್ಲೇ. ಈ ಸಮ್ಮೇಳನಗಳ ಚರಿತ್ರೆಯನ್ನು ನನಗೆ ಪಾಠ ಮಾಡಿದವಳು ಅವಳು. ಓದುಗರಿಗೂ ಅದರ ಸಾರ ಹೇಳಬೇಕು, ಯಾಕೆಂದರೆ "ಟೀವಿ ನೋಡಿ ಕೆಟ್ಟರು" ಎಂಬ ಮಾತಿಗೆ ಅದು ಒಳ್ಳೆಯ ಉತ್ತರ.

ಸ್ಟಾರ್ ಟ್ರೆಕ್ ಅಮೆರಿಕದಲ್ಲಿ ಮೊದಲು ಪ್ರಸಾರವಾದದ್ದು 1966ರ ಸೆಪ್ಟೆಂಬರ್ 8ರಂದು, ಎನ್‌ಬಿಸಿ ವಾಹಿನಿಯಲ್ಲಿ. ನೋಡುವವರು ಕಡಿಮೆ ಎಂದು ಎರಡು ವರ್ಷದಲ್ಲೇ ನಿಲ್ಲಿಸುವ ಮಾತು ಬಂತು. ಆಗ ಬ್ಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ಎಂಬ ಗಂಡ ಹೆಂಡತಿ ಅಭಿಮಾನಿಗಳನ್ನು ಕೂಡಿಸಿ ಪತ್ರ ಬರೆಸಿದರು. ವಾಹಿನಿಗೆ ಪತ್ರಗಳ ರಾಶಿ ಬಂದು ಬಿತ್ತು. ಹಾಗೆ ಮೂರನೆಯ ವರ್ಷ ಸಿಕ್ಕಿತು. 1969ರಲ್ಲಿ ನಿಂತಾಗ ಒಟ್ಟು 79 ಕಂತು ಆಗಿತ್ತು. ಅಷ್ಟು ಕಂತು ಇದ್ದುದರಿಂದಲೇ ಊರೂರಿನ ಸ್ಟೇಷನ್ನುಗಳು ಅದನ್ನು ಕೊಂಡು ಮತ್ತೆ ಮತ್ತೆ ಹಾಕಿದವು. ನಿಂತುಹೋದ ಧಾರಾವಾಹಿಗೆ ಆಮೇಲೆ ಜನ ಹೆಚ್ಚಾದರು. ಹೀಗೆ ಊರೂರು ಸುತ್ತಿ ಕೊನೆಗೆ ಅದು ಬಂಟ್ವಾಳದ ಅಡಿಕೆ ಕಂಬಕ್ಕೂ ಬಂದು ತಲುಪಿತು.

1972ರ ಜನವರಿಯಲ್ಲಿ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಈ ಧಾರಾವಾಹಿಯ ಅಭಿಮಾನಿಗಳು ಮೊದಲ ದೊಡ್ಡ ಸಮ್ಮೇಳನ ಮಾಡಿದರು. ಕೆಲವು ನೂರು ಜನ ಬಂದಾರು ಎಂದುಕೊಂಡಿದ್ದರು. ಬಂದವರು ಮೂರು ಸಾವಿರಕ್ಕೂ ಹೆಚ್ಚು. ಧಾರಾವಾಹಿ ನಿಂತು ಎರಡೂವರೆ ವರ್ಷವಾಗಿತ್ತು ಎಂಬುದನ್ನು ಮರೆಯಬಾರದು. 1976ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್‌ಗೆ 'ಕಾನ್‌ಸ್ಟಿಟ್ಯೂಷನ್' ಎಂದು ಹೆಸರಿಡುವುದಿತ್ತು. ಅಭಿಮಾನಿಗಳು ಮತ್ತೆ ಪತ್ರ ಬರೆದರು. ಅದರ ಹೆಸರು 'ಎಂಟರ್‌ಪ್ರೈಸ್' ಆಯಿತು.

ನಾವು ಹೋದದ್ದು 'ಸಿಲಿಕಾನ್ ವ್ಯಾಲಿ ಕಾಮಿಕ್ ಕಾನ್'. ಆಪಲ್ ಕಂಪೆನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಮುಂದೆ ನಿಂತು 2016ರ ಮಾರ್ಚ್ 18ರಿಂದ 20ರವರೆಗೆ ಸ್ಯಾನ್ ಹೋಸೆಯ ಕನ್ವೆನ್ಷನ್ ಸೆಂಟರಿನಲ್ಲಿ ಮೊದಲ ಸಲ ಮಾಡಿಸಿದ ಸಮ್ಮೇಳನ. ಒಂದೇ ಧಾರಾವಾಹಿಯದ್ದಲ್ಲ, ಎಲ್ಲ ಹುಚ್ಚುಗಳ ಜಾತ್ರೆ.

ಕ್ಯೂನಲ್ಲಿ ಮೂರು ಗಂಟೆ

ಶನಿವಾರ ಬೆಳಗ್ಗೆ ಹೊರಡುವಾಗ ಅಕ್ಕ ನನ್ನ ಕೈಗೊಂದು ನೀಲಿ ಅಂಗಿ ಕೊಟ್ಟಳು. ಆ ಹಡಗಿನಲ್ಲಿ ಡಾಕ್ಟರು ಮತ್ತು ವಿಜ್ಞಾನಿಗಳದ್ದು ನೀಲಿ, ಯಂತ್ರ ಮತ್ತು ಕಾವಲಿನವರದ್ದು ಕೆಂಪು, ಕ್ಯಾಪ್ಟನ್‌ದು ಚಿನ್ನದ ಬಣ್ಣ. ತಾನೇ ಹೊಲಿದಿದ್ದಳು. ಊರಿನಲ್ಲಿದ್ದಾಗ ಉಷಾ ಮಿಷನ್ನಿನಲ್ಲಿ ನನ್ನ ಹರಿದ ಚಡ್ಡಿಗಳಿಗೆ ತೇಪೆ ಹಾಕುತ್ತಿದ್ದವಳು. ಅಳತೆ ಕೇಳಿರಲಿಲ್ಲ, ಆದರೂ ಸರಿಯಾಗಿ ಕೂತಿತು. ಹೊಟ್ಟೆಯ ಹತ್ತಿರ ಮಾತ್ರ ಸ್ವಲ್ಪ ಬಿಗಿ. ಕನ್ನಡಿ ನೋಡಿದರೆ ಥೇಟ್ ನಮ್ಮ ಆಸ್ಪತ್ರೆಯ ಸ್ಟಾಫಿನವನ ಹಾಗೆ ಕಾಣುತ್ತಿದ್ದೆ. "ಮಾಮ ಡ್ಯೂಟಿಗೆ ಹೊರಟ" ಎಂದು ಹುಡುಗಿ ನಕ್ಕಳು.

ಪಾರ್ಕಿಂಗ್ ದುಬಾರಿ. ಈಸ್ಟ್‌ರಿಜ್ ಮಾಲಿನ ಹತ್ತಿರ ಭಾವ ಬಿಟ್ಟುಹೋದರು. ಅಲ್ಲಿಂದ 522 ನಂಬರಿನ ಬಸ್ಸು. ಬಸ್ಸಿನಲ್ಲಿ ನೀಲಿ ಅಂಗಿಯ ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ರೆಕ್ಕೆ ಕಟ್ಟಿಕೊಂಡ ಒಬ್ಬ ಹುಡುಗ, ಮುಂದೆ ಪೂರ್ತಿ ಹಸಿರು ಬಣ್ಣ ಬಳಿದುಕೊಂಡ ಹೆಂಗಸು. ಮೇಳದವರ ಜೊತೆ ಯಕ್ಷಗಾನಕ್ಕೆ ಹೋದ ಹಾಗಿತ್ತು.

ಕ್ಯೂ ಉದ್ದವಿತ್ತು. ಇಂಥ ಸಮ್ಮೇಳನ ಎಂದರೆ ಅರ್ಧ ಕ್ಯೂ ಎಂದು ಹುಡುಗಿ ಮೊದಲೇ ಎಚ್ಚರಿಸಿದ್ದಳು. ಅಕ್ಕ ಡಬ್ಬದಲ್ಲಿ ಚಿತ್ರಾನ್ನ ತಂದಿದ್ದಳು. ನಮ್ಮ ಮುಂದೆ ಎಪ್ಪತ್ತರ ಆಸುಪಾಸಿನ ಒಬ್ಬರು, ಸ್ಪಾಕ್‌ನ ವೇಷ, ಅಂಟಿಸಿದ ಕಿವಿ. ನಿವೃತ್ತ ಶಾಲಾ ಮೇಷ್ಟರು. ಮಾತಿಗೆ ಮಾತು ಸೇರಿ ಅವರಿಗೂ ಚಿತ್ರಾನ್ನ ಕೊಟ್ಟೆವು. ಎಪ್ಪತ್ತರ ದಶಕದಿಂದ ಇಂಥ ಸಮ್ಮೇಳನಗಳಿಗೆ ಹೋಗುತ್ತಿದ್ದಾರಂತೆ. ಹೆಂಡತಿ ಸಿಕ್ಕಿದ್ದು ಇಂಥದ್ದೇ ಒಂದು ಕ್ಯೂನಲ್ಲಿ. ಅವರು ತೀರಿಕೊಂಡು ನಾಲ್ಕು ವರ್ಷ. "ಇಲ್ಲಿ ಯಾರಿಗೂ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ, ಅದಕ್ಕೇ ಬರುತ್ತೇನೆ" ಎಂದರು.

ಆಗ ಹುಡುಗಿ ಅಕ್ಕನನ್ನು ಕೇಳಿದಳು. "ಅಮ್ಮ, ನಿನಗೆ ಆಗ ಇಂಗ್ಲಿಷ್ ಬರ್ತಿರಲಿಲ್ಲ ಅಲ್ವಾ? ಮಾಮನಿಗೆ ಕತೆ ಹೇಗೆ ಹೇಳ್ತಿದ್ದೆ?"

ಅಕ್ಕ ನಕ್ಕಳು. "ನನಗೆಲ್ಲಿ ಅರ್ಥ ಆಗ್ತಿತ್ತು? ಎಲ್ಲ ಕಟ್ಟಿ ಹೇಳಿದ್ದು. ಇವ ಸುಮ್ಮನೆ ಕೂತುಕೊಳ್ಳಲಿ ಅಂತ."

ಮೂವತ್ತು ವರ್ಷ ನಾನು ನಂಬಿದ್ದ ಕತೆ! ನಾನೂ ನಕ್ಕೆ. ನಗುತ್ತಲೇ, ಯೋಚನೆ ಮಾಡದೆ, ಬಾಯಿಂದ ಬಂದುಬಿಟ್ಟಿತು: "ಅಪ್ಪ ಹೋದಾಗ ರಜೆ ಸಿಗಲಿಲ್ಲ ಅಂದದ್ದೂ ಕಟ್ಟಿದ ಕತೆಯಾ?"

ಅಕ್ಕ ಡಬ್ಬದ ಮುಚ್ಚಳ ಹಾಕಿದಳು. ಸ್ವಲ್ಪ ಹೊತ್ತು ಮಾತಿಲ್ಲ. ಕ್ಯೂ ನಾಲ್ಕು ಹೆಜ್ಜೆ ಮುಂದೆ ಹೋಯಿತು.

"ಹೌದು" ಎಂದಳು.

ಆಗ ಅವರ ಗ್ರೀನ್ ಕಾರ್ಡ್ ಅರ್ಜಿ ಹಾಕಿ ಎರಡು ವರ್ಷವಾಗಿತ್ತಂತೆ. ಅರ್ಜಿ ಬಾಕಿ ಇರುವಾಗ ಅವಳಂಥವರು ದೇಶ ಬಿಟ್ಟು ಹೋಗಬೇಕಾದರೆ ಪ್ರಯಾಣದ ಅನುಮತಿ ಪತ್ರ ಕೈಯಲ್ಲಿರಬೇಕು. ಅವಳದ್ದು ನವೀಕರಣಕ್ಕೆ ಹೋಗಿತ್ತು. ಪತ್ರವಿಲ್ಲದೆ ವಿಮಾನ ಹತ್ತಿದರೆ ಅರ್ಜಿಯನ್ನೇ ಕೈಬಿಟ್ಟ ಲೆಕ್ಕ. ತುರ್ತು ಅನುಮತಿಗೆ ಓಡಾಡಿದರು. ಅದು ಕೈಗೆ ಬರುವಾಗ ಊರಲ್ಲಿ ಅಪ್ಪನ ಹದಿಮೂರನೆಯ ದಿನದ ಕಾರ್ಯವೂ ಮುಗಿದಿತ್ತು. "ಸೂಟ್‌ಕೇಸು ಬಾಗಿಲಲ್ಲೇ ಇತ್ತು. ಅಮ್ಮನಿಗೆ ಇದನ್ನೆಲ್ಲ ಹೇಳಿದರೆ, ಮಗಳನ್ನು ಎಂಥ ಕಡೆ ಕೊಟ್ಟೆವಪ್ಪಾ, ಹೊರಗೆ ಬರಲಿಕ್ಕೂ ಆಗುವುದಿಲ್ಲ ಅಂತ ಕೂತು ಅಳ್ತಿದ್ದಳು. ರಜೆ ಸಿಗಲಿಲ್ಲ ಅಂದರೆ ಎಲ್ಲರಿಗೂ ಅರ್ಥ ಆಗ್ತದೆ. ನನ್ನ ಮೇಲೆ ಸಿಟ್ಟಾದರೆ ಆಗಲಿ ಅಂತ."

ಅವಳು ಹೇಳಿದ ಮೇಲೆ ನನ್ನ ಸರದಿ. ಯಾಕೆಂದರೆ ನಾನು ಊರಲ್ಲಿ ಹೇಳಿದ್ದೂ ಸುಳ್ಳು. "ಟಿಕೆಟ್ ಸಿಗಲಿಲ್ಲ, ಅದಕ್ಕೆ ಮೂರು ದಿನ ಆಯ್ತು" ಎಂದಿದ್ದೆ. ಟಿಕೆಟ್ ಇತ್ತು. ಪಾಸ್‌ಪೋರ್ಟ್ ನನ್ನ ಕೈಯಲ್ಲಿರಲಿಲ್ಲ. ಆಗ ನಾನಿದ್ದ ಕಡೆ ಎಲ್ಲರ ಪಾಸ್‌ಪೋರ್ಟ್ ಆಫೀಸಿನ ತಿಜೋರಿಯಲ್ಲಿ. ಅಪ್ಪ ಹೋದದ್ದು ಗುರುವಾರ ರಾತ್ರಿ. ಶುಕ್ರವಾರ, ಶನಿವಾರ ರಜೆ. ಬೀಗದ ಕೈ ಇದ್ದ ಪಿಆರ್‌ಒ ಫೋನು ಎತ್ತಲಿಲ್ಲ. ಭಾನುವಾರ ಬೆಳಗ್ಗೆ ಆಫೀಸು ತೆಗೆಯುವವರೆಗೆ ಅದರ ಬಾಗಿಲ ಮೆಟ್ಟಿಲಲ್ಲಿ ಕೂತಿದ್ದೆ. ಇದನ್ನು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ನನ್ನದು ದೊಡ್ಡ ಆಸ್ಪತ್ರೆಯ ಕೆಲಸ, ಬಿಳಿ ಕೋಟು. ಅದು ಹಾಗೇ ಇರಲಿ ಎಂದು.

ಅಕ್ಕ ಏನೂ ಹೇಳಲಿಲ್ಲ. ನನ್ನ ನೀಲಿ ಅಂಗಿಯ ತೋಳಿನ ಮಡಿಕೆ ಸರಿಮಾಡಿದಳು. ಹುಡುಗಿ ನಮ್ಮಿಬ್ಬರ ಮುಖ ನೋಡುತ್ತಾ ನಿಂತಿದ್ದಳು. ಕನ್ನಡ ಅವಳಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಓದುಗ ಬಂಧುಗಳೇ, ನಾವು ಹೊರಗಿರುವವರು ಮನೆಯವರಿಗೆ ಇಂಥ ಎಷ್ಟು ಕತೆ ಕಟ್ಟಿ ಹೇಳಿಲ್ಲ? ಓವರ್‌ಟೈಮ್ ಇಲ್ಲದ ತಿಂಗಳು "ಕೆಲಸ ಜೋರು" ಎನ್ನುತ್ತೇವೆ; ಜ್ವರದಲ್ಲಿ ಮಲಗಿ "ಈಗಷ್ಟೇ ಊಟ ಆಯ್ತು" ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಕೇಳಿದವನು ಅದನ್ನೇ ನಿಜವೆಂದು ನಂಬಿ ಮನಸ್ಸು ಕಲ್ಲು ಮಾಡಿಕೊಂಡು ಕೂತಿರುತ್ತಾನೆ ಎಂಬುದು ನಮಗೆ ಹೊಳೆಯುವುದಿಲ್ಲ. ಫೋನಿನಲ್ಲಿ ಏಳು ವರ್ಷ ಆಗದ ಮಾತು ಒಂದು ಕ್ಯೂನಲ್ಲಿ ಆಗಿಹೋಯಿತು.

ಸೂಜಿ ಇಲ್ಲದ ಇಂಜೆಕ್ಷನ್

ಒಳಗೆ ಏನಿತ್ತು ಎಂದು ಹೇಳದಿದ್ದರೆ ಲೇಖನ ಅಪೂರ್ಣ. ದೊಡ್ಡ ಸಭಾಂಗಣದಲ್ಲಿ ಸಾಲು ಸಾಲು ಅಂಗಡಿ: ಹಳೆಯ ಪುಸ್ತಕ, ಗೊಂಬೆ, ಕೈಯಿಂದ ಬರೆದ ಚಿತ್ರ. ಬೇರೆ ಬೇರೆ ಕೋಣೆಗಳಲ್ಲಿ ಮಾತುಕತೆ. ನಟರು, ಬರಹಗಾರರು, ಎಂಜಿನಿಯರುಗಳು ವೇದಿಕೆಯಲ್ಲಿ, ಜನ ಕೈ ಎತ್ತಿ ಪ್ರಶ್ನೆ ಕೇಳುತ್ತಾರೆ. ನಟರ ಹಸ್ತಾಕ್ಷರಕ್ಕೂ ಜೊತೆಗೊಂದು ಫೋಟೋಕ್ಕೂ ಬೇರೆ ದುಡ್ಡು. ನಾವು ಆ ಕಡೆ ಹೋಗಲಿಲ್ಲ. ಆಟದ ಕತ್ತಿ ಬಂದೂಕು ಹಿಡಿದು ಬಂದವರ ಸಾಮಾನು ಪರೀಕ್ಷಿಸಲು ಪ್ರತ್ಯೇಕ ಜಾಗ. 'ಬ್ಯಾಕ್ ಟು ದಿ ಫ್ಯೂಚರ್' ಸಿನಿಮಾದ ಮೈಕೆಲ್ ಜೆ. ಫಾಕ್ಸ್, ಕ್ರಿಸ್ಟೋಫರ್ ಲಾಯ್ಡ್, ಲೀ ಥಾಂಪ್ಸನ್ ಆ ಸಮ್ಮೇಳನಕ್ಕೆ ಬಂದಿದ್ದರು. ನಮಗೆ ಅವರು ಕಂಡದ್ದು ಪೋಸ್ಟರಿನಲ್ಲಿ ಮಾತ್ರ.

ಒಂದು ಅಂಗಡಿಯಲ್ಲಿ ಡಾಕ್ಟರ್ ಮೆಕಾಯ್‌ನ ಆ ಉಪಕರಣದ ಆಟಿಕೆ ಇತ್ತು. ಹೈಪೋಸ್ಪ್ರೇ ಎಂದು ಅದರ ಹೆಸರು. ಒತ್ತಿದರೆ ಅದೇ 'ಸ್ಸ್'. ಫಾರ್ಮಸಿಯವನಾಗಿ ಎರಡು ಮಾತು ಹೇಳಲೇಬೇಕು. ಟೀವಿಯಲ್ಲಿ ಸೂಜಿ ಚರ್ಮಕ್ಕೆ ಚುಚ್ಚುವುದನ್ನು ತೋರಿಸಬಾರದೆಂಬ ವಾಹಿನಿಯ ನಿಯಮದಿಂದ ಹುಟ್ಟಿದ ಉಪಾಯ ಅದು. ಆದರೆ ಪೂರ್ತಿ ಕಲ್ಪನೆಯಲ್ಲ. ಮದ್ದನ್ನು ತುಂಬ ಒತ್ತಡದಲ್ಲಿ ಕೂದಲಿನಷ್ಟು ಸಣ್ಣ ಧಾರೆಯಾಗಿ ಚರ್ಮದೊಳಗೆ ನುಗ್ಗಿಸುವ ಯಂತ್ರ ಆಗಲೇ ಇತ್ತು. 1960ರ ದಶಕದಲ್ಲಿ ಪಶ್ಚಿಮ ಆಫ್ರಿಕಾ ಮತ್ತು ಬ್ರೆಜಿಲ್‌ನಲ್ಲಿ ಸಿಡುಬಿನ ಲಸಿಕೆಗೆ ಅದನ್ನು ಬಳಸಿದ್ದರು. ತೊಂದರೆ ಎಂದರೆ ಒಂದೇ ಬಾಯಿಯ ಯಂತ್ರ ಎಲ್ಲರಿಗೂ ತಾಗುವುದು. ಒಬ್ಬರ ರಕ್ತ ಇನ್ನೊಬ್ಬರಿಗೆ ಸೇರುವ ಅಪಾಯ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಹೀಗೆ ಹೆಪಟೈಟಿಸ್-ಬಿ ಹರಡಿದ್ದು ಪತ್ತೆಯಾಯಿತು. ಮತ್ತೆ ಪ್ರತಿಯೊಬ್ಬರಿಗೂ ಬೇರೆ ಬಾಯಿ ಹಾಕುವ ಯಂತ್ರ ಬಂತು. 2014ರಲ್ಲಿ ಅಮೆರಿಕದ ಔಷಧ ಇಲಾಖೆ ಇಂಥ ಸೂಜಿರಹಿತ ಯಂತ್ರದಿಂದ ಫ್ಲೂ ಲಸಿಕೆ ಕೊಡಲು ಒಪ್ಪಿಗೆ ಕೊಟ್ಟಿತು. ನಾನು ಬಾಲ್ಯದಲ್ಲಿ ಕಂಡ ಪವಾಡ ನನ್ನದೇ ವೃತ್ತಿಯೊಳಗೆ ಬಂದು ಕೂತಿದೆ.

ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮೋಯ್ 2015ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ. ಸಿಗರೇಟು ಬಿಟ್ಟು ಮೂವತ್ತು ವರ್ಷವಾಗಿದ್ದರೂ ಹಳೆಯ ಸಿಗರೇಟೇ ಕಾರಣ ಎಂದು ಅವರೇ ಹೇಳಿ, ಬೇಗ ಬಿಡಿ ಎಂದು ಜನರನ್ನು ಬೇಡಿಕೊಂಡಿದ್ದರು. ಕೆಲಸದ ನಡುವೆ ಬಿಲ್ಡಿಂಗಿನ ಕೆಳಗೆ ನಿಂತು ಎಳೆಯುವ ನಮ್ಮ ತಮ್ಮಂದಿರಿಗೆ ನನ್ನದೂ ಅದೇ ಬಿನ್ನಹ.

ಅದೇ ಸಭಾಂಗಣ, ಇನ್ನೊಂದು ಅಕ್ಕ

ಸಂಜೆ ಹೊರಬರುವಾಗ ಅಕ್ಕ ಆ ಕಟ್ಟಡದ ಒಂದು ಮೂಲೆ ತೋರಿಸಿ, "ಇಲ್ಲೇ ನಾನು ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿ ಮೂರು ದಿನ ಕೂತಿದ್ದೆ" ಎಂದಳು. ಅಮೆರಿಕದಲ್ಲಿ 'ಅಕ್ಕ' ಎಂದರೆ ಅಲ್ಲಿನ ಕನ್ನಡ ಕೂಟಗಳ ಒಕ್ಕೂಟದ ಹೆಸರೂ ಹೌದು. ಎರಡು ವರ್ಷಕ್ಕೊಮ್ಮೆ ಅದು ನಡೆಸುವ ವಿಶ್ವ ಕನ್ನಡ ಸಮ್ಮೇಳನ 2014ರ ಆಗಸ್ಟ್ ಕೊನೆಗೆ ನಡೆದದ್ದು ಇದೇ ಕನ್ವೆನ್ಷನ್ ಸೆಂಟರಿನಲ್ಲಿ. ಅಲ್ಲಿ ರೇಷ್ಮೆ ಸೀರೆ, ಇಲ್ಲಿ ಅಂಟಿಸಿದ ಕಿವಿ. ಬರುವ ಕಾರಣ ಮಾತ್ರ ಒಂದೇ ಎಂದು ನನಗನಿಸಿತು. ಆ ಮೇಷ್ಟರು ಹೇಳಿದ ಹಾಗೆ, ಬಿಡಿಸಿ ಹೇಳಬೇಕಾಗಿಲ್ಲದ ಜನರ ನಡುವೆ ಮೂರು ದಿನ ಇರುವುದು.

ನಮ್ಮಲ್ಲೂ ಇಂಥ ಅಭಿಮಾನ ಹೊಸದಲ್ಲ. 1998ರಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ದೂರದರ್ಶನದಲ್ಲಿ ಬರುವಾಗ ಆ ಹೊತ್ತಿಗೆ ಮನೆಗೆ ಓಡಿದವರು ನಮ್ಮ ಓದುಗರಲ್ಲೇ ಇದ್ದಾರೆ. ಅವರ 'ಮುಕ್ತ ಮುಕ್ತ' ನಡೆಯುವಾಗ ತಂಡ ಊರುಗಳಿಗೆ ಹೋಗಿ ಪ್ರೇಕ್ಷಕರ ಜೊತೆ ಸಂವಾದ ಮಾಡಿತು. ಜನ ಪಾತ್ರಗಳ ಬಗ್ಗೆ ನಟರನ್ನೇ ಎದುರು ಕೂರಿಸಿ ಪ್ರಶ್ನೆ ಕೇಳಿದರು. ಸದಾನಂದ ಸುವರ್ಣರ 'ಗುಡ್ಡದ ಭೂತ'ದ ಶೀರ್ಷಿಕೆ ಗೀತೆಯ ರಾಗ ಒಮ್ಮೆ ಗುನುಗಿದರೆ ಸಾಕು, ಶಾರ್ಜಾದ ಯಾವ ಕ್ಯಾಂಟೀನಿನಲ್ಲಾದರೂ ಒಬ್ಬ ಕರಾವಳಿಯವನು ತಿರುಗಿ ನೋಡುತ್ತಾನೆ. ನಮ್ಮ ಸಂಘ ಒಂದು ಸಂಜೆಯನ್ನು ಇದಕ್ಕೆಂದೇ ಇಡಬಾರದೇ? ಹಳೆಯ ಒಂದು ಕಂತು ಹಾಕಿ, ಚಹಾ ಕುಡಿದು, ಮಾತಾಡುವುದು. ವಿದೇಶಿ ಟೀವಿ ಹುಚ್ಚಿರುವ ಮಕ್ಕಳಿಗಾದರೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. 2012ರಲ್ಲಿ ದುಬೈಯಲ್ಲಿ ಶುರುವಾದ ಮಿಡ್ಲ್ ಈಸ್ಟ್ ಫಿಲ್ಮ್ ಅಂಡ್ ಕಾಮಿಕ್ ಕಾನ್ ಈಗ ಅಬುಧಾಬಿಯಲ್ಲಿ ನಡೆಯುತ್ತಿದೆ. ಮಕ್ಕಳ ಜೊತೆ ನೀವೂ ಹೋಗಿ. ಕ್ಯೂನಲ್ಲಿ ನಿಲ್ಲಿ.

ಅವ ನಕ್ಕನಾ?

ಹನ್ನೆರಡು ದಿನ ಮುಗಿಸಿ ನೇರ ಊರಿಗೆ ಹೋದೆ. ಅಮ್ಮನ ಮುಂದೆ ಕೂತು ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅಡುಗೆಕೋಣೆ, ಕಿಟಕಿಯ ತುಳಸಿ, ಹಸಿರು ಗುಡ್ಡ, ಮೊಮ್ಮಗಳು, ನೀಲಿ ಅಂಗಿಯ ನಾನು. ಮತ್ತೆ ಅಕ್ಕನ ಒಪ್ಪಿಗೆ ಪಡೆದೇ, 2009ರ ಎರಡು ನಿಜಗಳನ್ನೂ ಹೇಳಿದೆ. ಅವಳ ಪತ್ರದ ಕತೆ, ನನ್ನ ತಿಜೋರಿಯ ಕತೆ. ಅಮ್ಮ ಅಳಲಿಲ್ಲ. ಬಹಳ ಹೊತ್ತು ಸೆರಗಿನ ಅಂಚು ತಿರುವುತ್ತಾ ಕೂತಿದ್ದಳು. "ಆಗಲೇ ಹೇಳಬಾರದಿತ್ತಾ? ನಾನೂ ನಿಮ್ಮ ಮೇಲೆ ಎಷ್ಟು ಬೇಜಾರು ಇಟ್ಟುಕೊಂಡಿದ್ದೆ" ಎಂದಳು.

ಏಳೂವರೆ ಆಗುತ್ತಾ ಬಂತು. ರಿಮೋಟ್ ಕೈಗೆ ತೆಗೆದುಕೊಂಡವಳು ಏನೋ ನೆನಪಾದ ಹಾಗೆ ನನ್ನ ಕಡೆ ತಿರುಗಿದಳು.

"ಅಲ್ಲ, ಆ ಚೂಪು ಕಿವಿಯವ ಕೊನೆಗೆ ನಕ್ಕನಾ?"

ಅದನ್ನು ನಾನು ಕ್ಯೂನಲ್ಲಿದ್ದ ಮೇಷ್ಟರನ್ನು ಕೇಳಿ ತಿಳಿದುಕೊಂಡಿದ್ದೆ. ಎರಡನೆಯ ವರ್ಷದ ಒಂದು ಕಂತಿನಲ್ಲಿ, ತನ್ನ ಕೈಯಿಂದಲೇ ಸತ್ತನೆಂದುಕೊಂಡ ಕ್ಯಾಪ್ಟನ್ ಎದುರಿಗೆ ಬದುಕಿ ನಿಂತಾಗ, ಅವನ ಎರಡೂ ತೋಳು ಹಿಡಿದು ಮುಖ ತುಂಬ ನಗುತ್ತಾನೆ. ಮರುಕ್ಷಣ ಮೊದಲಿನ ಹಾಗೆ ಆಗುತ್ತಾನೆ.

"ನಕ್ಕ ಅಮ್ಮ. ಒಂದು ಸಲ. ಗೆಳೆಯ ಬದುಕಿದ್ದಾನೆ ಅಂತ ಗೊತ್ತಾದಾಗ."

"ಮತ್ತೆ? ಆಗಲೂ ನಗದೆ ಇರ್ತಾರಾ?" ಎಂದು ಅಮ್ಮ ಟೀವಿ ಹಾಕಿದಳು.